ಎರಡನೆಯ ಅರ್ಧ

ಸುಂಕಮ್ಮನ ಬಲಗೈಯ ಮೂರು ಬೆರಳುಗಳನ್ನು ಅವಳದೇ ಕತ್ತರಿಯಿಂದ ತೆಗೆದರು. ಜೀನ್ಸ್ ಬಟ್ಟೆ ಕತ್ತರಿಸುವ ಉದ್ದನೆಯ ಕತ್ತರಿ ಅದು. ದಪ್ಪ ಬಟ್ಟೆಯ ನಾಲ್ಕು ಪದರಗಳನ್ನು ಒಂದೇ ಸಲಕ್ಕೆ ಸೀಳುತ್ತದೆ. ಎಲುಬು ಸಿಕ್ಕಿದ ಕಡೆ ಮಾತ್ರ ಎರಡೆರಡು ಸಲ ಒತ್ತಬೇಕಾಯಿತು ಎಂದು ಅವಳೇ ಆಮೇಲೆ ನನಗೆ ಹೇಳಿದಳು. ಮೂರನೆಯದು ಹೋದಾಗ ಅವಳು ಬ್ಯಾಟರಿ ಮನೆಯ ಬೀಗದ ಗುಟ್ಟಿನಲ್ಲಿ ತನ್ನ ಅರ್ಧ ಹೇಳಿಬಿಟ್ಟಳು. ಬಂದವರು ಕತ್ತರಿಯನ್ನು ಒರೆಸಿ ಹೊಲಿಗೆ ಯಂತ್ರದ ಮೇಲಿಟ್ಟು ಹೋದರು.

ನಮ್ಮ ವಾರ್ಡಿನವರು ಅವಳನ್ನು ಬೈಯಲಿಲ್ಲ. ಮೊದಲನೆಯ ಅರ್ಧ ಹೇಳಿದವರಿಗೆ ಮಾಫಿ, ಇದು ಇಡೀ ಬಳ್ಳಾರಿ ಒಪ್ಪಿಕೊಂಡ ರೀತಿ. ಅರ್ಧದಿಂದ ಯಾವ ಬಾಗಿಲೂ ತೆರೆಯುವುದಿಲ್ಲ ಎಂದ ಮೇಲೆ ನೋವು ತಾಳದೆ ಬಾಯಿಬಿಟ್ಟವಳ ಮೇಲೆ ಸಿಟ್ಟೇಕೆ? ಓಣಿಯ ಹೆಂಗಸರು ಸರದಿಯಂತೆ ಅವಳಿಗೆ ರೊಟ್ಟಿ ಮಾಡಿಕೊಟ್ಟರು, ಗಾಯಕ್ಕೆ ಬಟ್ಟೆ ಸುತ್ತಿದರು. ಸಿಟ್ಟೆಲ್ಲ ಎರಡನೆಯ ಅರ್ಧದವರಿಗೆ ಮೀಸಲು. ಎರಡನೆಯ ಅರ್ಧ ಹೇಳಿದವರನ್ನು ವಾರ್ಡಿನವರೇ ಬ್ಯಾಟರಿ ಮನೆಯ ಮುಂದೆ ಕೂರಿಸಿ ಕಲ್ಲಿನಿಂದ ಹೊಡೆದು ಕೊಲ್ಲುತ್ತಾರೆ. ಮೊದಲ ಕಲ್ಲು ಎಸೆಯುವ ಹಕ್ಕು ಇನ್ನೊಂದು ಅರ್ಧ ಇಟ್ಟುಕೊಂಡವರದು, ಅವರು ಎಸೆಯದೆ ಬೇರೆ ಯಾರೂ ಎಸೆಯುವಂತಿಲ್ಲ. ಪೊಲೀಸರು ಆ ಕಡೆ ತಲೆ ಹಾಕುವುದಿಲ್ಲ. ಅವರ ಮನೆಯಲ್ಲೂ ಫ್ಯಾನು ತಿರುಗಬೇಕಲ್ಲ.

ಬೀಗಗಳೆಲ್ಲ ಬಯಲಾದ ವರ್ಷದಿಂದ ಹೀಗಾಗಿದೆ. ಎಲ್ಲೋ ಸಮುದ್ರದಾಚೆ ಹೊಸ ಬಗೆಯ ಕಂಪ್ಯೂಟರೊಂದು ಹುಟ್ಟಿ, ನೋಡನೋಡುತ್ತಿದ್ದಂತೆ ಲೋಕದ ಪಾಸ್‌ವರ್ಡ್‌ಗಳನ್ನೆಲ್ಲ ಬಿಚ್ಚಿಹಾಕಿತು. ಬ್ಯಾಂಕು, ಫೋನು, ಆಸ್ಪತ್ರೆ, ಜೈಲು ಒಂದೂ ಉಳಿಯಲಿಲ್ಲ. ಆಗ ಬಳ್ಳಾರಿಯಲ್ಲಿ ಕೆಡದೆ ನಿಂತದ್ದು ಒಂದೇ ಯಂತ್ರ. ಹಳೆಯ ವಿದ್ಯುತ್ ಕಚೇರಿಯ ನೆಲಮಾಳಿಗೆಯಲ್ಲಿ ಕೂತು ಒಂದು ಕಾಲಕ್ಕೆ ಕರೆಂಟ್ ಬಿಲ್ಲು ಮುದ್ರಿಸುತ್ತಿದ್ದ ಮುದಿ ಕಂಪ್ಯೂಟರು ಅದು. ಹೊರಲೋಕದ ಯಾವ ತಂತಿಯೂ ಅದಕ್ಕೆ ಸೇರಿರಲಿಲ್ಲ. ಅದಕ್ಕೆ ತಿಳಿಯುತ್ತಿದ್ದದ್ದು ಕೋಬಾಲ್ ಎಂಬ ಅಜ್ಜಂದಿರ ಕಾಲದ ಭಾಷೆ. ಊರಿನಲ್ಲಿ ಆ ಭಾಷೆ ಬಲ್ಲವರು ಇಬ್ಬರೇ, ಆ ಯಂತ್ರದ ಪ್ರೋಗ್ರಾಮು ಬರೆದ ರುದ್ರಮುನಿ ಸರ್ ಮತ್ತು ಅವರ ಕೈಕೆಳಗೆ ಕಲಿತ ನಾನು, ನೀಲಾವತಿ.

ಪ್ರತಿ ವಾರ್ಡಿಗೂ ಒಂದು ಬ್ಯಾಟರಿ ಮನೆ ಇದೆ. ಹಗಲಿನ ಬಿಸಿಲಿನಿಂದ ಹುಟ್ಟಿದ ಕರೆಂಟನ್ನು ಅಲ್ಲಿ ತುಂಬಿಡುತ್ತಾರೆ. ನಮ್ಮೂರಿನ ಬೇಸಿಗೆ ಈಗ ಐವತ್ತು ಡಿಗ್ರಿ ದಾಟುತ್ತದೆ. ಓಣಿಗೊಂದರಂತೆ ಇರುವ ತಂಪು ಕೋಣೆಯಲ್ಲಿ ಮಧ್ಯಾಹ್ನ ಕಳೆಯದಿದ್ದರೆ ಹಸುಗೂಸುಗಳೂ ಮುದುಕರೂ ಉಳಿಯುವುದಿಲ್ಲ. ಹಾಗಾಗಿ ಬ್ಯಾಟರಿ ಎಂದರೆ ಈಗ ಬಂಗಾರಕ್ಕಿಂತ ಹೆಚ್ಚು. ಅದನ್ನು ಕಾಯಲು ಊರಿನ ಹಿರಿಯರೆಲ್ಲ ಸೇರಿ ಸಮಿತಿ ಮಾಡಿ, ನಮ್ಮ ಮುದಿ ಯಂತ್ರದಿಂದ ಪ್ರತಿ ಬ್ಯಾಟರಿ ಮನೆಗೂ ನೆಲದೊಳಗೆ ಬೇರೆಯೇ ತಂತಿ ಎಳೆಸಿದರು. ಒಬ್ಬರ ಬಾಯಲ್ಲಿ ಇಡೀ ಗುಟ್ಟು ಇರಬಾರದೆಂದು ಅದನ್ನು ಎರಡು ಮಾಡಿದರು. ಮೊದಲನೆಯ ಅರ್ಧ ಯಾರ ಹತ್ತಿರ ಇದೆ ಎಂದು ಎಲ್ಲರಿಗೂ ಗೊತ್ತು. ಎರಡನೆಯದು ಯಾರದೆಂದು ಅವರ ಹೆಂಡತಿಗೂ ಗೊತ್ತಿರಬಾರದು. ಹುಣ್ಣಿಮೆಯ ದಿನ ಸಾಯಂಕಾಲ ಬಾಗಿಲು ತೆರೆದು ಬ್ಯಾಟರಿ ನೋಡಿಕೊಳ್ಳುವ ಕೆಲಸವಿರುತ್ತದೆ. ಮೊದಲನೆಯವರು ಬಂದು ತಮ್ಮ ಮಾತು ಒತ್ತಿ ಹೋಗುತ್ತಾರೆ. ಆಮೇಲೆ ಓಣಿಯವರೆಲ್ಲ ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ಕೂರಬೇಕು. ತಲೆಗೆ ಮುಸುಕು ಹಾಕಿಕೊಂಡು ಎರಡನೆಯವರು ಹಿತ್ತಿಲ ಕಡೆಯಿಂದ ಬಂದು ಒತ್ತುತ್ತಾರೆ. ತಪ್ಪು ಒತ್ತಿದರೆ ಊರೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ, ಬಾಗಿಲ ಹಿಂದೆ ಉಕ್ಕಿನ ಅಗುಳಿ ಬೀಳುತ್ತದೆ, ಕೈಗೆ ಸಿಕ್ಕ ಕೊಡಲಿ ಹಿಡಿದು ವಾರ್ಡೇ ಓಡಿಬರುತ್ತದೆ. ಅದಕ್ಕೇ ಯಾವ ಕಳ್ಳನೂ ಸುಮ್ಮನೆ ಒಂದು ಮಾತು ಒತ್ತಿ ನೋಡುವ ಧೈರ್ಯ ಮಾಡುತ್ತಿರಲಿಲ್ಲ.

ಬೀಗ ಮುರಿಯಲು ಆಗುವುದಿಲ್ಲ ಎಂದಾದ ಮೇಲೆ ಕಳ್ಳರು ಮನುಷ್ಯರನ್ನು ಮುರಿಯಲು ಶುರುಮಾಡಿದರು. ಗಾದಿಲಿಂಗ ಎಂಬವನ ಗುಂಪನ್ನು ಜನ ಎಲುಬಿನವರು ಎನ್ನುತ್ತಾರೆ. ಗಾದಿಲಿಂಗ ಮೊದಲು ಅದಿರಿನ ಲಾರಿಗಳ ಮಾಲೀಕನಾಗಿದ್ದ, ಲೆಕ್ಕಾಚಾರದ ಮನುಷ್ಯ. ಬೈಯುವುದಿಲ್ಲ, ಕೂಗುವುದಿಲ್ಲ, ಯಾರನ್ನು ಕಂಡರೂ ಅಣ್ಣ ಅಕ್ಕ ಎನ್ನುತ್ತಾನೆ. ಸುಂಕಮ್ಮನ ಅರ್ಧ ಸಿಕ್ಕಿದ ಮೇಲೆ ಅವನು ನಮ್ಮ ವಾರ್ಡಿನ ಎರಡನೆಯವರನ್ನು ಹುಡುಕಲು ಹೊರಟ. ಸೈಕಲ್ ರಿಪೇರಿಯ ಪಂಪಣ್ಣನನ್ನು ಅನುಮಾನದ ಮೇಲೆ ಹಿಡಿದು, ಅವನ ಅಂಗಡಿಯ ಚೈನಿನಿಂದಲೇ ಹೊಡೆದು ಸಾಯಿಸಿ ರಸ್ತೆಯಲ್ಲಿ ಎಸೆದರು. ಪಂಪಣ್ಣನಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳಿ ಬದುಕುತ್ತಿದ್ದ.

ನಾನು ಕೆಲಸ ಮಾಡುವ ಕಂಟ್ರೋಲ್ ರೂಮಿನ ಬಾಗಿಲಿಗೆ ಎಲುಬಿನವರ ಕೈಗೆ ಸಿಕ್ಕವರ ಮನೆಯವರು ದಿನವೂ ಬಂದು ಕೈಮುಗಿಯುತ್ತಿದ್ದರು. ಯಂತ್ರದೊಳಗೆ ಎಲ್ಲರ ಗುಟ್ಟೂ ಇದೆಯಲ್ಲ, ನಮ್ಮವನದನ್ನು ತೆಗೆದುಕೊಡಿ, ಅವರ ಬಾಯಿಗೆ ಎಸೆದು ನಮ್ಮವನನ್ನು ಬಿಡಿಸಿಕೊಳ್ಳುತ್ತೇವೆ ಎನ್ನುತ್ತಿದ್ದರು. ನಾನು ಗಿರಣಿಯ ಉದಾಹರಣೆ ಕೊಡುತ್ತಿದ್ದೆ. ನೀವು ಒತ್ತಿದ ಮಾತನ್ನು ಯಂತ್ರ ಬೀಸಿ ಹಿಟ್ಟು ಮಾಡುತ್ತದೆ, ಜೋಳವನ್ನು ಇಟ್ಟುಕೊಳ್ಳುವುದಿಲ್ಲ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನೀವು ಅದೇ ಮಾತು ಒತ್ತಿದರೆ ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ಸರಿಹೋಯಿತೇ ಎಂದು ನೋಡುತ್ತದೆ. ಹಿಟ್ಟಿನಿಂದ ಜೋಳ ಮಾಡಲು ಯಾರಿಂದಲೂ ಆಗುವುದಿಲ್ಲ. ಅವರು ತಲೆಯಾಡಿಸುತ್ತಿದ್ದರು, ಆದರೆ ನನ್ನ ಮಾತನ್ನು ನಂಬುತ್ತಿರಲಿಲ್ಲ.

ನನ್ನ ಗಂಡ ಎರ್ರಿಸ್ವಾಮಿ ಕೌಲ್‌ಬಜಾರಿನ ತಿರುವಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುತ್ತಾನೆ. ಬಾಯಿ ಜಾಸ್ತಿ. ಗಿರಾಕಿ ಕೇಳಲಿ ಬಿಡಲಿ, ಮಂಡಕ್ಕಿ ನೆನೆಯುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಹೇಳಿ ಮುಗಿಸುತ್ತಾನೆ. ಇಂಥವನ ಹೊಟ್ಟೆಯಲ್ಲಿ ಯಾವ ಮಾತು ನಿಲ್ಲುತ್ತದೆ ಎಂದು ನಾನೇ ನಗುತ್ತಿದ್ದೆ. ಅವನು ಎರಡನೆಯ ಅರ್ಧದವನೆಂದು ಯಾರಾದರೂ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹುಣ್ಣಿಮೆಯ ಸಾಯಂಕಾಲಗಳಲ್ಲಿ ನಾನು ಕಂಟ್ರೋಲ್ ರೂಮಿನಲ್ಲಿ ಇರಲೇಬೇಕಾಗಿತ್ತು. ಆ ದಿನ ಅವನು ಒಲೆ ಬೇಗ ಆರಿಸುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. ಗಾದಿಲಿಂಗನಿಗೆ ಗೊತ್ತಾಯಿತು.

ಮಧ್ಯಾಹ್ನದ ಹೊತ್ತು. ನಾನು ಕಂಟ್ರೋಲ್ ರೂಮಿನಲ್ಲಿದ್ದೆ, ಅಲ್ಲಿಂದ ನಮ್ಮ ಮನೆಗೆ ಕಚೇರಿಯ ತಂತಿ ಫೋನು ಇದೆ. ಅದು ರಿಂಗಾಯಿತು, ಎತ್ತಿಕೊಂಡೆ. ನಮ್ಮ ಮನೆಯಿಂದ ಗಾದಿಲಿಂಗ, ಮದುವೆಗೆ ಕರೆಯಲು ಬಂದವನ ದನಿಯಲ್ಲಿ, ಊಟವಾಯಿತೇ ಎಂದು ಕೇಳಿದ. ಆಮೇಲೆ ವಿಷಯಕ್ಕೆ ಬಂದ.

"ಅಕ್ಕಾ, ನಿನ್ನ ಗಂಡ ಬಾಯೇ ಬಿಡವಲ್ಲ. ಒಂದು ಮೊಣಕಾಲು ಆಗ್ಲೇ ಹೋತು. ಆ ಡಬ್ಬಿ ಒಳಗಿಂದ ಅವನ ಅರ್ಧ ತೆಗೆದು ಹೇಳಿಬಿಡು, ಇನ್ನೊಂದಾದ್ರೂ ಉಳೀತೈತೆ."

ನಾನು ಗಿರಣಿಯ ಮಾತನ್ನೇ ಹೇಳಿದೆ. ಬೇರೆ ಏನು ಹೇಳಲಿ? ಹಿಟ್ಟು, ಜೋಳ ಎಂದು ತೊದಲುತ್ತ ಹೇಳಿದೆ, ದೇವರಾಣೆ ಹಾಕಿದೆ. ಅವನು ಫೋನನ್ನು ಕೆಳಗೆ ಇಟ್ಟ ಸದ್ದು ಕೇಳಿತು. ಆಮೇಲೆ ನಮ್ಮ ಒರಳಿನ ಗುಂಡುಕಲ್ಲು ಎರಡು ಸಲ ಬಿದ್ದ ಸದ್ದು ಕೇಳಿತು. ನನ್ನ ಗಂಡ ಕೂಗಿದ್ದನ್ನು ಬರೆದು ತೋರಿಸಲು ಬರುವುದಿಲ್ಲ. ಅದು ಮನುಷ್ಯರ ಕೂಗಿನ ಹಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ದನಿ ಮಾತಿಗೆ ಮರಳಿತು. ಹೇಳ್ತೀನಿ ಬಿಡ್ರಪ್ಪಾ ಎಂದ. ಹೇಳಿದ ಕೂಡ, ಒಂದೊಂದೇ ಮಾತು ಬಿಡಿಸಿ:

"ಒಗ್ಗರಣೆ ಎರಡು ಪ್ಲೇಟು, ಮಿರ್ಚಿ ನಾಕು, ಉಳ್ಳಾಗಡ್ಡಿ ಜಾಸ್ತಿ."

ಆ ಗಳಿಗೆಯಲ್ಲೂ ನನಗೆ ಅನ್ನಿಸಿದ್ದು, ಇವನಿಗೆ ಗುಟ್ಟಾಗಿ ಇಟ್ಟುಕೊಳ್ಳಲು ಮತ್ತೇನು ಹೊಳೆದೀತು ಎಂದೇ. ತಮ್ಮಲ್ಲಿ ಒಬ್ಬನನ್ನು ನನ್ನ ಗಂಡನ ಕುತ್ತಿಗೆಗೆ ಮಚ್ಚು ಹಿಡಿದು ಕೂರಿಸಿ, ಸೈರನ್ ಕೇಳಿದ ಕೂಡಲೇ ಎಳೆದುಬಿಡು ಎಂದು ಹೇಳಿ, ಉಳಿದವರು ಬ್ಯಾಟರಿ ಮನೆಗೆ ಹೋದರು. ನನ್ನೆದುರು ಗೋಡೆಯ ಮೇಲೆ ವಾರ್ಡಿಗೊಂದು ದೀಪವಿದೆ. ಹಿಟ್ಟು ಸರಿಹೋದರೆ ಹಸಿರು, ಇಲ್ಲದಿದ್ದರೆ ಕೆಂಪು. ಫೋನು ಕಿವಿಗೆ ಹಿಡಿದು ನಾನು ನಮ್ಮ ವಾರ್ಡಿನ ದೀಪವನ್ನು ನೋಡುತ್ತ ನಿಂತೆ. ರುದ್ರಮುನಿ ಸರ್ ನನ್ನ ಪಕ್ಕದಲ್ಲಿ ನಿಂತರು. ದೀಪ ಹಸಿರಾಯಿತು.

ನನಗೆ ಸಂತೋಷವಾಯಿತು. ಓಣಿಯ ಕೂಸುಗಳು ಹಾಳಾಗಿ ಹೋಗಲಿ, ನನ್ನ ಗಂಡನ ಕತ್ತು ಉಳಿಯಿತು ಎಂದು ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಬ್ಯಾಟರಿ ಮನೆಯ ಕಾವಲಿಗಿದ್ದ ಇಬ್ಬರನ್ನು ಅವರು ಮೊದಲೇ ಕೂತಲ್ಲೇ ಕಡಿದಿದ್ದರು. ದೊಣ್ಣೆ ಹಿಡಿದು ಓಡಿಬಂದ ಒಬ್ಬನ ಮೇಲೆ ಲಾರಿಯನ್ನೇ ಹತ್ತಿಸಿದರು. ಬ್ಯಾಟರಿಗಳನ್ನೆಲ್ಲ ಹೇರಿಕೊಂಡು ಹೊಸಪೇಟೆ ರಸ್ತೆ ಹಿಡಿದು ಹೋದರು. ತಂಪು ಕೋಣೆಗಳು ನಿಂತವು. ಮರುದಿನ ಬಿಸಿಲು ಏರುವ ಹೊತ್ತಿಗೆ ನಮ್ಮ ಓಣಿಯಲ್ಲಿ ಎಳೆಗೂಸೊಂದು ಹೋಯಿತು. ಅದರ ಹಿಂದೆ ಇಬ್ಬರು ಮುದುಕಿಯರು ಹೋದರು. ಕೂಸಿನ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದು ಹಣೆ ಚಚ್ಚಿಕೊಂಡಳು. ವಾರ್ಡಿನ ಗಂಡಸರು ನಮ್ಮ ಕಟ್ಟೆಯ ಮೇಲೆ ಕೊಡಲಿ ಇಟ್ಟುಕೊಂಡು ಕಾವಲು ಕೂತರು. ಸಾಯಂಕಾಲ ಬಿಸಿಲಿಳಿದ ಮೇಲೆ ಎರ್ರಿಸ್ವಾಮಿಯನ್ನು ಬ್ಯಾಟರಿ ಮನೆಯ ಮುಂದೆ ತರಬೇಕು ಎಂದು ತೀರ್ಮಾನವಾಗಿತ್ತು.

ಒಳಗೆ ನನ್ನ ಗಂಡ ಎರಡೂ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ. ಸಾವಿಗೆ ಅವನು ಹೆದರಿದಂತೆ ಕಾಣಲಿಲ್ಲ. ಅವನನ್ನು ಬೇರೆ ಏನೋ ತಿನ್ನುತ್ತಿತ್ತು. ನನ್ನನ್ನು ಹತ್ತಿರ ಕರೆದ.

"ನೀಲಾ, ನಾ ಸುಳ್ಳು ಹೇಳಿದ್ದೆ ಕಣೇ. ಸೈರನ್ ಕೂಗ್ಲಿ, ನನ್ನ ಕುತ್ತಿಗೆ ಹೋದ್ರೆ ಹೋಗ್ಲಿ ಅಂತ ಬಾಯಿಗೆ ಬಂದಿದ್ದು ಹೇಳಿದೆ. ನಂದು ಆ ಮಾತೇ ಅಲ್ಲ. ಅದು ಹೆಂಗೆ ತೆಗೀತು?"

ನೋವಿನಲ್ಲಿ ಏನು ಹೇಳಿದೆಯೋ ನಿನಗೇ ಗೊತ್ತಿಲ್ಲ ಎಂದೆ. ಅವನು ನನ್ನನ್ನೇ ನೋಡಿದ. ಆಮೇಲೆ, ಹಾಗಾದರೆ ತನ್ನ ನಿಜವಾದ ಅರ್ಧ ಅದೇ ಇರಬೇಕು, ಇಷ್ಟು ದಿನ ಬೇರೆ ಏನನ್ನೋ ನೆನಪಿಟ್ಟುಕೊಂಡಿರಬೇಕು ಎಂದು ತನ್ನಷ್ಟಕ್ಕೆ ಗೊಣಗಿದ. ಮೊಣಕಾಲು ಪುಡಿಯಾದರೂ ಅಳದವನು ಈಗ ಅತ್ತ. ಕೂಸನ್ನು ಕೊಂದವನು ತಾನೇ ಎಂದ. ಕಲ್ಲು ಬೀಳುವ ಮೊದಲೇ ಅವನು ಒಳಗೆ ಸತ್ತುಹೋಗುತ್ತಿದ್ದ.

ಕಾವಲಿನವರು ನನ್ನನ್ನು ತಡೆಯಲಿಲ್ಲ. ನಾನು ಕಂಟ್ರೋಲ್ ರೂಮಿಗೆ ಓಡಿದೆ. ಸುಳ್ಳಿಗೆ ದೀಪ ಹಸಿರಾಗಿದೆ ಎಂದರೆ ತಪ್ಪು ಯಂತ್ರದೊಳಗೇ ಇರಬೇಕು. ರುದ್ರಮುನಿ ಸರ್ ಬೇಡವೆನ್ನುತ್ತಿದ್ದರೂ ಬೀಸುವ ಪ್ರೋಗ್ರಾಮನ್ನು ತೆರೆದು ಸಾಲು ಸಾಲಾಗಿ ಓದಿದೆ. ಬೀಸುವ ಭಾಗ ಸರಿಯಾಗಿಯೇ ಇತ್ತು. ಆಮೇಲೆ ಪರೀಕ್ಷೆಗೆಂದು ಇಲ್ಲದ ವಾರ್ಡೊಂದನ್ನು ಮಾಡಿ, ಮೊದಲನೆಯ ಅರ್ಧ ಒಂದೇ ಇಟ್ಟು, ಎರಡನೆಯದನ್ನು ಬದಲಿಸಿ ಬದಲಿಸಿ ಒತ್ತಿದೆ. ಎಷ್ಟು ಬದಲಿಸಿದರೂ ಅದೇ ಹಿಟ್ಟು. ಕೊನೆಗೆ ಎರಡನೆಯದನ್ನು ಖಾಲಿ ಬಿಟ್ಟು ಒತ್ತಿದೆ. ಆಗಲೂ ಹಿಟ್ಟು ಅದೇ ಇತ್ತು.

ಕೋಬಾಲ್ ಭಾಷೆಯಲ್ಲಿ ಪ್ರತಿಯೊಂದು ಮಾತಿಗೂ ಅಳತೆಯ ಪೆಟ್ಟಿಗೆ ಕೊಡಬೇಕು. ಎಷ್ಟು ಅಕ್ಷರ ಹಿಡಿಸಬೇಕು ಎಂದು ಮೊದಲೇ ಹೇಳಿಡಬೇಕು. ನಮ್ಮ ಗುಟ್ಟಿನ ಎರಡೂ ಅರ್ಧ ಬೀಸುವ ಮೊದಲು ಒಂದರ ಹಿಂದೊಂದು ಹೋಗಿ ಕೂರುವ ಒಂದೇ ಪೆಟ್ಟಿಗೆ, ಹಳೆಯ ಬಿಲ್ಲಿನಲ್ಲಿ ಗ್ರಾಹಕರ ಹೆಸರಿಗೆಂದು ಮಾಡಿದ್ದು. ಇಂಗ್ಲಿಷ್ ಅಕ್ಷರಗಳಾದರೆ ಇಪ್ಪತ್ತನಾಲ್ಕು ಹಿಡಿಸುತ್ತವೆ. ರುದ್ರಮುನಿ ಸರ್ ಅಂಕಿಗಳ ಗುಟ್ಟು ಇಡೋಣ ಎಂದಿದ್ದರು. ಸಮಿತಿಯವರು ಕೇಳಲಿಲ್ಲ. ಮುದುಕಿಯರಿಗೂ ನೆನಪಿರಬೇಕು, ಕನ್ನಡದ ಮಾತೇ ಆಗಬೇಕು, ಗಟ್ಟಿಯಾಗಿರಲೆಂದು ಒಂದೊಂದು ಅರ್ಧವೂ ಹತ್ತು ಅಕ್ಷರಕ್ಕೆ ಕಡಿಮೆ ಇರಬಾರದು ಎಂದು ಮೇಜು ಗುದ್ದಿದರು. ಸರ್ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿದರು. ಪೆಟ್ಟಿಗೆಯನ್ನು ಬದಲಿಸುವುದು ಬಿಟ್ಟುಹೋಯಿತು. ಯಂತ್ರದೊಳಗೆ ಕನ್ನಡದ ಒಂದು ಅಕ್ಷರ ಕೂರಲು ಮೂರು ಜಾಗ ಬೇಕು, ಕೊಂಬು ಒತ್ತು ಇದ್ದರೆ ಇನ್ನೂ ಹೆಚ್ಚು. ಎಂಟು ಅಕ್ಷರಕ್ಕೆ ಪೆಟ್ಟಿಗೆ ತುಂಬಿಹೋಗುತ್ತದೆ. ಮೊದಲನೆಯ ಅರ್ಧವೇ ಪೂರ್ತಿ ಹಿಡಿಸದು ಎಂದ ಮೇಲೆ ಎರಡನೆಯದಕ್ಕೆ ಜಾಗವೆಲ್ಲಿ? ಕೋಬಾಲ್ ಬಹಳ ಮರ್ಯಾದಸ್ಥ ಭಾಷೆ, ಹಿಡಿಸದೆ ಉಳಿದದ್ದನ್ನು ಸದ್ದಿಲ್ಲದೆ ಚೆಲ್ಲಿಬಿಡುತ್ತದೆ. ಬೀಗ ಹಾಕಿದ ಹೊಸದರಲ್ಲಿ ಪರೀಕ್ಷೆ ಮಾಡಿದಾಗ ಸರ್ ಒತ್ತಿದ್ದು ಚಿಕ್ಕ ಚಿಕ್ಕ ಇಂಗ್ಲಿಷ್ ಮಾತುಗಳನ್ನು. ಅವೆಲ್ಲ ಹಿಡಿಸಿದ್ದವು. ಆಮೇಲೆ ಎರಡನೆಯವರು ಎಂದಾದರೂ ಕೈತಪ್ಪಿ ಒತ್ತಿದ್ದರೂ ಬಾಗಿಲು ತೆರೆದಿರುತ್ತದೆ. ತೆರೆದ ಬಾಗಿಲಿನ ಬಗ್ಗೆ ಯಾರು ದೂರು ಕೊಡುತ್ತಾರೆ?

ಮೊದಲನೆಯ ಅರ್ಧ ಸಿಕ್ಕಿದ ದಿನವೇ ಗಾದಿಲಿಂಗನ ಕೈಯಲ್ಲಿ ಪೂರ್ತಿ ಬೀಗದ ಕೈ ಇತ್ತು. ಪಂಪಣ್ಣ ಸತ್ತದ್ದು, ನನ್ನ ಗಂಡನ ಮೊಣಕಾಲು ಹೋದದ್ದು ಯಂತ್ರ ಓದದ ಮಾತಿಗಾಗಿ. ಬೇರೆ ವಾರ್ಡುಗಳಲ್ಲಿ ಕಲ್ಲು ತಿಂದು ಸತ್ತ ಎರಡನೆಯ ಅರ್ಧದವರಲ್ಲಿ ಎಷ್ಟು ಜನ ಹೀಗೇ ಸುಳ್ಳು ಹೇಳಿದ್ದರೋ, ಸಾಯುವಾಗ ತಾವೇ ದ್ರೋಹಿಗಳೆಂದು ನಂಬಿ ಸತ್ತರೋ. ನಾನು ಇದನ್ನು ರುದ್ರಮುನಿ ಸರ್ ಮುಖಕ್ಕೇ ಹೇಳಿದೆ, ಗುರುಗಳೆಂಬ ಭಯಭಕ್ತಿಯೆಲ್ಲ ಬಿಟ್ಟು ಹೇಳಿದೆ. ಅವರು ಪ್ರೋಗ್ರಾಮಿನ ಆ ಸಾಲನ್ನು ಮತ್ತೆ ಓದಿದರು. ಪೆಟ್ಟಿಗೆಯನ್ನು ಅಗಲ ಮಾಡಿದರೆ ಎಲ್ಲ ವಾರ್ಡಿನ ಹಿಟ್ಟೂ ಬದಲಾಗುತ್ತದೆ, ಯಂತ್ರದ ರಿಪೇರಿ ಎಂದು ನೆಪ ಹೇಳಿ ಒಂದೊಂದೇ ವಾರ್ಡಿನವರನ್ನು ಕರೆದು ಮತ್ತೆ ಒತ್ತಿಸಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ ಎಂದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು.

"ಅಲ್ಲೀತನಕ ಈ ಮಾತು ಹೊರಗೆ ಹೋಗಬಾರದು ನೀಲಾವತಿ. ಮೊದಲನೆಯ ಅರ್ಧ ಅವನ ಹತ್ತಿರ ಹತ್ತಿಪ್ಪತ್ತು ವಾರ್ಡಿಂದು ಐತೆ. ಇವತ್ತು ಗೊತ್ತಾದ್ರೆ ನಾಳೆ ಊರಲ್ಲಿ ಹೆಣ ಎತ್ತೋರು ಇರಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಹಾಗಾದರೆ ಸಾಯಂಕಾಲ ನನ್ನ ಗಂಡನಿಗೆ ಬೀಳುವ ಕಲ್ಲುಗಳನ್ನು ಎಣಿಸಿಕೊಂಡು ಬರಲೇ ಎಂದು ಕೇಳಿದೆ. ನಾನು ಕೈ ಬಿಡಿಸಿಕೊಂಡು ಹೊರಬಿದ್ದೆ.

ಒಂದೇ ದಾರಿ ಉಳಿದಿತ್ತು. ಸುಂಕಮ್ಮ ಮೊದಲ ಕಲ್ಲು ಎಸೆಯದಿದ್ದರೆ ಯಾರೂ ಎಸೆಯುವಂತಿಲ್ಲ. ಅವಳ ಮನೆ ಬ್ಯಾಟರಿ ಮನೆಗೆ ಎದುರಾಗಿಯೇ ಇದೆ. ಅವಳು ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತು ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ನಾನು ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಮೂರು ಬೆರಳು ಹೋಗುವ ತನಕ ತಾಳಿದ್ದಳು. ತಾನು ಸೋತರೂ ಎರಡನೆಯವನು ತಡೆಯುತ್ತಾನೆ ಎಂಬ ಒಂದೇ ಧೈರ್ಯದ ಮೇಲೆ ಬಾಯಿಬಿಟ್ಟಿದ್ದಳು. ಆ ಧೈರ್ಯವನ್ನೇ ಎರ್ರಿಸ್ವಾಮಿ ಮಣ್ಣುಪಾಲು ಮಾಡಿದ, ಇನ್ನು ಕೈಲಿ ಕತ್ತರಿ ಹಿಡಿಯಲಾಗದ ತಾನು ಬದುಕುವುದು ಹೇಗೆ ಎಂದು ಕೇಳಿದಳು.

ನಾನು ಹೇಳಿಬಿಟ್ಟೆ. ಪೆಟ್ಟಿಗೆ, ಎಂಟು ಅಕ್ಷರ, ಚೆಲ್ಲಿಹೋದ ಉಳಿದದ್ದು, ಎಲ್ಲ. ಇನ್ನೊಬ್ಬರಿಗೆ ಹೇಳಬಾರದು ಎಂದೂ ಹೇಳಿದೆ. ಅವಳು ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು.

"ಹಂಗಾದ್ರೆ ಬಾಗಿಲು ತೆಗೆದಾಕಿ ನಾನು."

ತಪ್ಪು ಯಂತ್ರದ್ದು, ನಿನ್ನದಲ್ಲ ಅಕ್ಕಾ ಎಂದೆ. ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಷ್ಟು ವಾರ್ಡಿನ ಬೀಗ ಹೀಗಿದೆ ಎಂದು ಕೇಳಿದಳು. ಎಲ್ಲವೂ ಎಂದೆ. ಸರಿಮಾಡಲು ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ, ಯಾರಿಗೂ ಗೊತ್ತಾಗದಿದ್ದರೆ ಎಂದೆ. ಹಾಗಾದರೆ ನೀನು ಹೋಗು, ನಾನು ಬರುತ್ತೇನೆ ಎಂದಳು. ಅವಳು ಕಲ್ಲು ಎತ್ತುವುದಿಲ್ಲ, ಅಷ್ಟೇ ಎಂದು ನಾನು ತಿಳಿದುಕೊಂಡೆ. ಅವಳ ಕೈಗೆ ಮುತ್ತು ಕೊಟ್ಟು ಬಂದೆ.

ಬಿಸಿಲಿಳಿಯಿತು. ನಾಲ್ಕು ಜನ ಎರ್ರಿಸ್ವಾಮಿಯನ್ನು ಮರದ ಕುರ್ಚಿಯ ಸಮೇತ ಹೊತ್ತು ತಂದು ಬ್ಯಾಟರಿ ಮನೆಯ ಗೋಡೆಗೆ ಒರಗಿಸಿ ಇಳಿಸಿದರು. ಇಡೀ ವಾರ್ಡು ನೆರೆದಿತ್ತು. ದಿನವೂ ಅವನ ಕೈಯ ಮಿರ್ಚಿ ತಿಂದವರು ಬೆಟ್ಟದ ಬುಡದಿಂದ ಕಲ್ಲು ಹೊತ್ತು ತಂದು ಗುಡ್ಡೆ ಹಾಕಿದ್ದರು. ಕೂಸಿನ ತಂದೆ ಎರಡೂ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. ಸುಂಕಮ್ಮ ಮನೆಯಿಂದ ಹೊರಬಂದಳು. ಯಾರೋ ಅವಳ ಎಡಗೈಗೆ ಕಲ್ಲು ಕೊಡಲು ಹೋದರು. ಅವಳು ತೆಗೆದುಕೊಳ್ಳಲಿಲ್ಲ. ನನ್ನ ಗಂಡನ ಮುಂದೆ ಬಂದು, ಜನರ ಕಡೆ ತಿರುಗಿ ನಿಂತಳು.

"ಈತ ಹೇಳಿದ್ದು ಸುಳ್ಳು. ಎರಡೂ ಅರ್ಧ ನಂಗೆ ಗೊತ್ತಿದ್ವು. ಹುಣ್ಣಿಮೆ ದಿನ ಕಿಟಕಿ ಸಂದಿಯಿಂದ ನೋಡ್ತಿದ್ದೆ, ಈತ ಏನು ಒತ್ತಾನೆ ಅಂತ. ಎರಡೂ ನಾನೇ ಹೇಳೀನಿ ಅವರಿಗೆ."

ಎದುರು ಮನೆ, ಎದುರು ಕಿಟಕಿ. ಯಾರಿಗೂ ಅನುಮಾನ ಬರಲಿಲ್ಲ. ಹಾಗಾದರೆ ಇವನನ್ನೇಕೆ ಹಿಡಿದು ಹೊಡೆದರು ಎಂದು ಒಬ್ಬ ಕೇಳಿದ. ನನ್ನ ಮಾತು ಖಾತ್ರಿ ಮಾಡಿಕೊಳ್ಳೋಕೆ ಎಂದಳು. ಗುಂಪಿನಿಂದ ಕೂಗು ಎದ್ದಿತು. ಸರದಿಯಂತೆ ಅವಳಿಗೆ ರೊಟ್ಟಿ ಮಾಡಿಕೊಟ್ಟ ಹೆಂಗಸರೇ ಅವಳ ಜುಟ್ಟು ಹಿಡಿದು ಗೋಡೆಯ ಬಳಿಗೆ ಎಳೆದರು. ಕುರ್ಚಿಯನ್ನು ಈ ಕಡೆ ಎತ್ತಿಟ್ಟರು. ಈಗ ಇನ್ನೊಂದು ಅರ್ಧದವನು ಎರ್ರಿಸ್ವಾಮಿ. ಮೊದಲ ಕಲ್ಲು ಅವನದು. ಕೂಸಿನ ತಂದೆಯೇ ತನ್ನ ಕೈಯ ಕಲ್ಲನ್ನು ತಂದು ಅವನ ಕೈಗೆ ಕೊಟ್ಟ.

ನನ್ನ ಗಂಡನ ಮುಖ ನೋಡಿದೆ. ಬೆಳಗಿನಿಂದ ಹೋಗಿದ್ದ ಜೀವ ಆ ಮುಖಕ್ಕೆ ವಾಪಸ್ ಬಂದಿತ್ತು. ತಾನು ಹೇಳಿದ್ದು ಸುಳ್ಳೇ, ತನ್ನ ತಲೆ ಕೆಟ್ಟಿಲ್ಲ, ಕೂಸು ಸತ್ತದ್ದು ತನ್ನಿಂದಲ್ಲ. ಅದರ ಹಿಂದೆಯೇ ಸಿಟ್ಟೂ ಬಂತು. ಎರಡು ಮೊಣಕಾಲು, ಒಂದು ಹಗಲು ಒಂದು ರಾತ್ರಿ ಪಟ್ಟ ನರಕ, ಎಲ್ಲದರ ಸಿಟ್ಟು. ನಾನು ಬಾಯಿ ತೆರೆದೆ. ಹೇಳಬೇಕಾದದ್ದು ಒಂದೇ ವಾಕ್ಯ, ಎರಡನೆಯ ಅರ್ಧ ಯಂತ್ರಕ್ಕೆ ಬೇಕಾಗಿಲ್ಲ ಎಂದು. ಗುಂಪಿನ ಅಂಚಿನಲ್ಲಿ, ಬೀಡಿ ಸೇದುತ್ತ, ಗಾದಿಲಿಂಗನ ಕಡೆಯ ಇಬ್ಬರು ನಿಂತು ನೋಡುತ್ತಿದ್ದರು. ಅವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಗಾದಿಲಿಂಗನ ಭಯಕ್ಕೆ ಯಾರೂ ಅವರನ್ನು ಮುಟ್ಟುತ್ತಿರಲಿಲ್ಲ. ಸುಂಕಮ್ಮ ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಬಾಯಿ ಮುಚ್ಚಿದೆ.

ಎರ್ರಿಸ್ವಾಮಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಇದ್ದ ಬಲವನ್ನೆಲ್ಲ ಹಾಕಿ ಎಸೆದ. ಕಲ್ಲು ಅವಳ ಬಾಯಿಗೆ ಬಡಿಯಿತು. ಹಲ್ಲು ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿತು. ಆಮೇಲೆ ಎಲ್ಲ ಕಡೆಯಿಂದ ಬಿದ್ದವು. ಮೊದಮೊದಲು ಕೈ ಅಡ್ಡ ಹಿಡಿಯುತ್ತಿದ್ದಳು, ಬಟ್ಟೆ ಸುತ್ತಿದ ಕೈ ಕೆಂಪಾಯಿತು. ಮಂಡಿಯ ಮೇಲೆ ಬಿದ್ದಳು, ಆಮೇಲೆ ಪಕ್ಕಕ್ಕೆ ಬಿದ್ದಳು. ಅವಳು ಅಲುಗುವುದು ನಿಂತ ಮೇಲೂ ಕಲ್ಲು ಬೀಳುವುದು ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಲಿಲ್ಲ. ಅಷ್ಟಾದರೂ ಮಾಡಬೇಕಾಗಿತ್ತು.

ಮರುದಿನ ಬೆಳಿಗ್ಗೆಯೇ ನಾನು ಪೆಟ್ಟಿಗೆಯನ್ನು ಅಗಲ ಮಾಡಲು ಕೂತೆ. ರುದ್ರಮುನಿ ಸರ್ ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ನೋಡಿದರು. ರಿಪೇರಿ ಎಂದು ಹೇಳಿ ಎಲ್ಲ ವಾರ್ಡಿನವರನ್ನೂ ಕರೆಸಿ, ಹೊಸ ಮಾತು ಒತ್ತಿಸಿದೆವು. ಈಗ ಯಂತ್ರ ಎರಡೂ ಅರ್ಧವನ್ನು ಪೂರ್ತಿಯಾಗಿ ಬೀಸುತ್ತದೆ. ತಮಗೆ ಹೇಳದ ಅರ್ಧವನ್ನೂ ಹೇಳಿದೆ ಎಂದು ಸುಂಕಮ್ಮ ಅಂದದ್ದರಿಂದ ಅನುಮಾನ ಬಂದಿತೋ ಏನೋ, ಗಾದಿಲಿಂಗನ ಜನ ಒಂದು ವಾರ್ಡಿನಲ್ಲಿ ಮೊದಲನೆಯ ಅರ್ಧ ಒಂದನ್ನೇ ಒತ್ತಿ ನೋಡಿದರು. ಸೈರನ್ ಕೂಗಿತು. ಆ ವಾರ್ಡಿನವರು ಅವರಲ್ಲಿ ಇಬ್ಬರನ್ನು ಅಲ್ಲೇ ಕೊಡಲಿಯಿಂದ ಕೊಚ್ಚಿದರು. ನಮ್ಮ ವಾರ್ಡಿಗೆ ಹೊಸ ಬ್ಯಾಟರಿ ಬಂತು. ಸುಂಕಮ್ಮನಿಗೆ ಕಲ್ಲು ಹೊಡೆದ ಮನೆಗಳಲ್ಲಿ ಫ್ಯಾನು ತಿರುಗುತ್ತಿದೆ. ಅದಕ್ಕೆ ಹೊಟ್ಟೆ ಉರಿಯುತ್ತದೆ ಎಂದರೆ ಉರಿಯುತ್ತದೆ.

ನನ್ನ ಗಂಡ ಕಂಕುಳಿಗೆ ಕೋಲು ಕೊಟ್ಟುಕೊಂಡು ಅಂಗಡಿಗೆ ಹೋಗತೊಡಗಿದ. ಗಿರಾಕಿಗಳಿಗೆ ತನ್ನ ಸುಳ್ಳಿನ ಕಥೆ ಹೇಳಿ ನಗಿಸುತ್ತಿದ್ದ. ಗುಂಡುಕಲ್ಲು ಬೀಳುವಾಗಲೂ ಮಿರ್ಚಿ ಆರ್ಡರ್ ಕೊಟ್ಟವನು ನಾನೊಬ್ಬನೇ ಎನ್ನುತ್ತಿದ್ದ. ಕೊನೆಗೆ ಸುಂಕಮ್ಮನ ಹೆಸರು ಹೇಳಿ ನೆಲಕ್ಕೆ ಉಗುಳುತ್ತಿದ್ದ. ಎಲ್ಲ ಬೀಗವೂ ಗಟ್ಟಿಯಾದ ಮೇಲೆ, ಒಂದು ಮಧ್ಯಾಹ್ನ ಅವನು ಹಾಗೆ ಉಗುಳಿದ್ದನ್ನು ನೋಡಿ, ಒಲೆ ಆರಿಸು ಎಂದೆ. ಮನೆಗೆ ಕರೆತಂದು ಎದುರು ಕೂರಿಸಿ ಎಲ್ಲವನ್ನೂ ಹೇಳಿದೆ.

ಅವನು ಅಳಲಿಲ್ಲ, ನನ್ನ ಮೇಲೆ ರೇಗಲಿಲ್ಲ. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ನಾ ಕಲ್ಲು ಎತ್ತಿದಾಗ ಆಕಿ ನನ್ನ ಕಡೆ ನೋಡ್ತಿದ್ಲಾ?"

ಇಲ್ಲ, ನನ್ನ ಕಡೆ ನೋಡುತ್ತಿದ್ದಳು ಎಂದೆ.